ಒಂದೇ ಕೊರಡಿನ ದೇವದೂತ, ಸಾಂಟಾ

ಚನ್ನಪಟ್ಟಣದ ಲೇತ್‌ಗೆ ಮೊದಲಿನಿಂದಲೂ ಒಂದು ಹಟವಿತ್ತು. ದುಂಡಗಿರುವುದನ್ನು ಮಾತ್ರ ಅದು ಮಾಡಿಕೊಡುತ್ತಿತ್ತು. ಗಿರ್ರನೆ ತಿರುಗುವ ಹಾಲೆ ಮರದ ಕೊರಡಿಗೆ ಉಳಿ ತಾಗಿಸಿದರೆ ಬುಗುರಿ ಬಂತು, ಗಿಲಕಿ ಬಂತು, ಬಳೆ ಬಂತು, ಗೊಂಬೆಯ ತಲೆ ಬಂತು. ಹಾಗಾಗಿ ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಅಲಂಕಾರಗಳು ಬೇಕೆಂದು ಹೊರದೇಶದ ಗಿರಾಕಿಗಳು ಕೇಳತೊಡಗಿದಾಗ ಅಲ್ಲಿನ ಕುಶಲಕರ್ಮಿಗಳಿಗೆ ಬೇರೆ ಯಂತ್ರವೇ ಬೇಕಾಗಲಿಲ್ಲ. ಒಂದು ಶಂಕು ಕಡೆದು ಅದರ ಮೇಲೊಂದು ಗುಂಡು ಕೂರಿಸಿದರೆ ದೇವದೂತನಾದ. ಗುಂಡಿನ ಮೇಲೆ ಗುಂಡಿಟ್ಟರೆ ಹಿಮದ ಗೊಂಬೆ. ಹೊಟ್ಟೆ ಸ್ವಲ್ಪ ಉಬ್ಬಿಸಿ ಕೆಂಪು ಅರಗು ಹಚ್ಚಿದರೆ ಸಾಂಟಾ ಕ್ಲಾಸ್.

ದೇವದೂತ ಬೈಬಲ್ಲಿನಿಂದ ಬಂದವನು, ಹಿಮದ ಗೊಂಬೆ ಚಳಿನಾಡಿನ ಮಕ್ಕಳ ಆಟದಿಂದ ಬಂದದ್ದು. ಇಬ್ಬರೂ ಒಂದೇ ಕೊರಡಿನಿಂದ, ಒಂದೇ ಉಳಿಯ ಕೆಳಗೆ, ಒಂದೇ ಸಂಜೆ ಹುಟ್ಟಿದರು. ಕಡೆದ ಕೈಗಳಲ್ಲಿ ಮುಸ್ಲಿಮರ ಕೈಗಳೂ ಇದ್ದವು, ಹಿಂದೂಗಳ ಕೈಗಳೂ ಇದ್ದವು. ಇವು ಧರ್ಮದ ಗುರುತುಗಳೋ, ಬರೀ ಹಬ್ಬದ ಸಡಗರದ ಸಾಮಾನುಗಳೋ? ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಪಾದ್ರಿಗಳು, ಪೋಪರು, ನ್ಯಾಯಾಧೀಶರು, ಕೊನೆಗೆ ಸುಂಕದ ಅಧಿಕಾರಿಗಳೂ ತಲೆ ಕೆಡಿಸಿಕೊಂಡರು. ಆದರೆ ಪ್ರಶ್ನೆ ಎದ್ದದ್ದು ಅವರ ಮೇಜಿನ ಮೇಲಲ್ಲ, ಕೆಲಸಗಾರರ ಕಾರ್ಖಾನೆಗಳಲ್ಲಿ.

ಅಂಥ ಕಾರ್ಖಾನೆಗಳು ಜರ್ಮನಿಯ ಸ್ಯಾಕ್ಸನಿ ಸೀಮೆಯ ಬೆಟ್ಟಗಳ ನಡುವೆ, ಸೈಫೆನ್ ಎಂಬ ಹಳ್ಳಿಯಲ್ಲಿದ್ದವು. ಆ ಊರಿನವರು ಶತಮಾನಗಳಿಂದ ತವರದ ಗಣಿಯನ್ನು ನಂಬಿ ಬದುಕಿದ್ದರು. ಗಣಿ ಬರಿದಾಗುತ್ತ ಬಂತು. ಅದಿರು ಕುಟ್ಟಲು ನೀರಿನ ಬಲದಿಂದ ತಿರುಗುತ್ತಿದ್ದ ಚಕ್ರಗಳು ನಿಂತವು. ಸುಮ್ಮನೆ ನಿಂತ ಚಕ್ರವನ್ನು ನೋಡುತ್ತ ಕೂರಲಾಗದ ಯಾರೋ ಅದಕ್ಕೆ ಮರ ಕಡೆಯುವ ಲೇತ್ ಕಟ್ಟಿದರು. ಮೊದಮೊದಲು ತಟ್ಟೆ, ಗುಂಡಿ, ದಾರದ ಉರುಳೆಗಳನ್ನು ಕಡೆದರು. 1849ರಲ್ಲಿ ಗಣಿ ಪೂರ್ತಿ ಮುಚ್ಚಿತು. ಅಷ್ಟರೊಳಗೆ ಇಡೀ ಊರು ಗೊಂಬೆ ಮಾಡಲು ಕಲಿತಿತ್ತು.

ಆದರೆ ಲೇತ್‌ನ ಹಟ ಅಲ್ಲಿಯೂ ಅದೇ ಆಗಿತ್ತು. ಗಿರಾಕಿಗಳಿಗೆ ಹಸು, ಕುದುರೆ, ಆನೆಗಳು ಬೇಕು. ಹಸು ದುಂಡಗಿರುವುದಿಲ್ಲ. ಒಂದೊಂದನ್ನೂ ಚಾಕುವಿನಿಂದ ಕೆತ್ತುತ್ತ ಕೂತರೆ ದಿನಕ್ಕೆ ನಾಲ್ಕು ಕಾಸೂ ಹುಟ್ಟುತ್ತಿರಲಿಲ್ಲ. 1800ರ ಆಸುಪಾಸಿನಲ್ಲಿ ಆ ಸೀಮೆಯ ಯಾವನೋ ಒಬ್ಬ ಕೆಲಸಗಾರನಿಗೆ ಹೊಳೆದ ಉಪಾಯ ಎಣಿಕೆಗೆ ಮೀರಿದ್ದು. ಅವನ ಹೆಸರು ಉಳಿಯಲಿಲ್ಲ, ಉಳಿಯಬೇಕಿತ್ತು.

ಅವನು ಆಗತಾನೆ ಕಡಿದ ಸ್ಪ್ರೂಸ್ ಮರದ ದಪ್ಪ ಬಿಲ್ಲೆಯನ್ನು ಹಸಿಯಾಗಿಯೇ ಲೇತ್‌ಗೆ ಏರಿಸಿದ. ಮುಂದಿನಿಂದ ಒಂದು ತೋಡು, ಹಿಂದಿನಿಂದ ಒಂದು ತೋಡು, ಅಂಚಿನಲ್ಲೊಂದು ಏರು, ಒಳಗೊಂದು ಇಳಿಜಾರು. ನೋಡುವವರಿಗೆ ಅದು ಅಂಕುಡೊಂಕಾದ ಮರದ ಬಳೆ, ಅಷ್ಟೆ. ಅದರಲ್ಲಿ ಹಸುವಿನ ಕಾಲೂ ಕಾಣದು, ಕೊಂಬೂ ಕಾಣದು. ಕಡೆಯುವವನಿಗೂ ಕಾಣುತ್ತಿರಲಿಲ್ಲ. ಬೆನ್ನು ಎಲ್ಲಿ ತಗ್ಗಬೇಕು, ಹೊಟ್ಟೆ ಎಲ್ಲಿ ಉಬ್ಬಬೇಕು ಎಂಬುದನ್ನು ಅವನು ಉಳಿಯ ತುದಿಯ ನಡುಕದಿಂದಲೇ ಅಂದಾಜು ಮಾಡಬೇಕಿತ್ತು. ಕೂದಲೆಳೆಯಷ್ಟು ಹೆಚ್ಚು ಹೋದರೆ ಬಳೆಯೊಳಗಿನ ಅಷ್ಟೂ ಹಸುಗಳು ಕುತ್ತಿಗೆ ಇಲ್ಲದ ಹಸುಗಳಾಗುತ್ತಿದ್ದವು. ಕೆಲಸ ಮುಗಿದ ಮೇಲೆ ಬಳೆಯನ್ನು ಇಳಿಸಿ, ಹಲಸಿನ ತೊಳೆ ಬಿಡಿಸುವಂತೆ ಚಾಕುವಿನಿಂದ ಸೀಳಿದ. ಸೀಳಿದ ಒಂದೊಂದು ಚೂರಿನ ಅಡ್ಡಕೊಯ್ತದಲ್ಲೂ ಕಾಲ ಮೇಲೆ ನಿಂತ ಒಂದೊಂದು ಹಸುವಿನ ಆಕಾರ ಇತ್ತು. ದುಂಡನ್ನಷ್ಟೇ ಕೊಡುತ್ತಿದ್ದ ಲೇತ್ ಒಂದೇ ಬಳೆಯಿಂದ ಒಂದು ಮಂದೆಯನ್ನು ಕೊಟ್ಟಿತ್ತು.

ಮಂದೆ ಸಿಕ್ಕಿತು, ಅದನ್ನು ಕೊಳ್ಳುವವರು ಸಿಗಬೇಕಿತ್ತು. ಆಗ ಒದಗಿ ಬಂದದ್ದು ಧರ್ಮ. ಇಂಗ್ಲೆಂಡಿನ ಮಡಿವಂತ ಕ್ರೈಸ್ತ ಮನೆಗಳಲ್ಲಿ ಭಾನುವಾರ ದೇವರ ದಿನ, ಮಕ್ಕಳು ಆಟಿಕೆ ಮುಟ್ಟುವಂತಿರಲಿಲ್ಲ. ಒಂದಕ್ಕೆ ಮಾತ್ರ ವಿನಾಯಿತಿ ಇತ್ತು: ನೋಹನ ನಾವೆ. ಪ್ರಳಯದ ಕತೆ ಬೈಬಲ್ಲಿನದಾದ್ದರಿಂದ ಅದರ ಪ್ರಾಣಿಗಳ ಜೊತೆ ಆಡುವುದು ಪಾಠ ಕಲಿತಂತೆ ಎಂದು ಹಿರಿಯರು ಒಪ್ಪಿದ್ದರು. ಸೈಫೆನ್ ಸೀಮೆಯ ಹಸು, ಆನೆ, ಒಂಟೆಗಳು ಜೋಡಿ ಜೋಡಿಯಾಗಿ ಮರದ ನಾವೆ ಹತ್ತಿ ಹೊರದೇಶಗಳಿಗೆ ಹೊರಟವು. ವಾರದ ಆರು ದಿನ ಬರೀ ಆಟಿಕೆಯಾಗಿದ್ದ ಆನೆ ಭಾನುವಾರ ಧರ್ಮದ ವಸ್ತುವಾಗುತ್ತಿತ್ತು. ಮರ ಬದಲಾಗಲಿಲ್ಲ, ಬಣ್ಣ ಬದಲಾಗಲಿಲ್ಲ, ದಿನ ಬದಲಾಯಿತು. ಹುಡುಕುತ್ತಿದ್ದ ಉತ್ತರದ ಮೊದಲ ಸುಳಿವು ಅಲ್ಲಿತ್ತು, ಆದರೆ ಅದನ್ನು ಯಾರೂ ಗಮನಿಸಲಿಲ್ಲ.

ಅದೇ ಊರಿನಲ್ಲಿ ತದ್ವಿರುದ್ಧದ್ದೂ ನಡೆಯಿತು. 1870ರ ಸುಮಾರಿಗೆ ವಿಲ್ಹೆಲ್ಮ್ ಫ್ಯೂಕ್ಟ್‌ನರ್ ಎಂಬ ಗೊಂಬೆ ಕೆಲಸಗಾರ ಲೇತ್‌ನಲ್ಲಿ ಕಾಯಿ ಒಡೆಯುವ ಗೊಂಬೆಯನ್ನು ಕಡೆದ. ರಾಜನ ಕಿರೀಟ, ಸಿಪಾಯಿಯ ಟೋಪಿ, ಬಲವಾದ ದವಡೆ. ಅಧಿಕಾರದಲ್ಲಿದ್ದವರ ವೇಷ ತೊಟ್ಟ ಆ ಗೊಂಬೆ ಬಡವರ ಮನೆಯಲ್ಲಿ ಅಕ್ರೋಟು ಒಡೆದುಕೊಡುತ್ತಿತ್ತು. ಅದರಲ್ಲಿ ಯೇಸುವಿನ ಕತೆಯ ಎಳೆಯೊಂದೂ ಇರಲಿಲ್ಲ. ಆದರೂ ಲೇಖಕ ಹಾಫ್‌ಮನ್ 1816ರಲ್ಲೇ ಬರೆದಿದ್ದ ಕಾಯಿ ಒಡೆಯುವ ಗೊಂಬೆಯ ಕತೆಯೂ, ಅದನ್ನಾಧರಿಸಿ 1892ರಲ್ಲಿ ರಂಗಕ್ಕೆ ಬಂದ ಚೈಕೋವ್‌ಸ್ಕಿಯ ಬ್ಯಾಲೆಯೂ ಅದನ್ನು ಕ್ರಿಸ್‌ಮಸ್ ರಾತ್ರಿಗೆ ಗಂಟು ಹಾಕಿಬಿಟ್ಟವು. ಅದೇ ಸೀಮೆಯ ಕಿಟಕಿಗಳಲ್ಲಿ ಮನೆಯ ಒಬ್ಬೊಬ್ಬ ಹೆಣ್ಣುಮಗುವಿಗೆ ಒಂದು ದೇವದೂತ, ಒಬ್ಬೊಬ್ಬ ಗಂಡುಮಗುವಿಗೆ ಒಬ್ಬ ಗಣಿಕಾರ್ಮಿಕ, ಇಬ್ಬರ ಕೈಯಲ್ಲೂ ಮೇಣದಬತ್ತಿ. ಸ್ವರ್ಗದವನೂ ಸುರಂಗದವನೂ ಅಕ್ಕಪಕ್ಕ ನಿಂತು ಬೆಳಕು ಕೊಟ್ಟರು.

ಲೇತ್‌ಗೆ ಎಂದೂ ಬಗ್ಗದ ಒಂದು ಆಕಾರ ಉಳಿದಿತ್ತು. ನಕ್ಷತ್ರ. ಎಲ್ಲ ದಿಕ್ಕಿಗೂ ಮೊನೆ ಚಾಚಿದ ನಕ್ಷತ್ರವನ್ನು ಇಡಿಯಾಗಿ ಯಾವ ಉಳಿಯೂ ಕಡೆಯಲಾರದು. ಅದು ಸಿಕ್ಕಿದ್ದು ಸ್ಯಾಕ್ಸನಿಯ ಪೂರ್ವದ ಅಂಚಿನ ಸೀಮೆಯಲ್ಲಿ, ನೀಸ್ಕಿ ಎಂಬ ಊರಿನ ಶಾಲೆಯಲ್ಲಿ. ಮೊರಾವಿಯನ್ ಎಂಬ ಕ್ರೈಸ್ತ ಪಂಥದ ಆ ವಸತಿಶಾಲೆಯ ಹುಡುಗರಲ್ಲಿ ಅನೇಕರ ತಂದೆತಾಯಿ ದೂರದೇಶಗಳಲ್ಲಿ ಧರ್ಮಪ್ರಚಾರಕ್ಕೆ ಹೋಗಿದ್ದವರು. ಹುಡುಗರಿಗೆ ರೇಖಾಗಣಿತ ತಲೆಗೆ ಹತ್ತಲೆಂದು ಕಾಗದದ ಘನಾಕೃತಿಗಳನ್ನು ಕತ್ತರಿಸಿ ಅಂಟಿಸುವ ಪಾಠ ನಡೆಯುತ್ತಿತ್ತು. ಘನಾಕೃತಿಯ ಒಂದೊಂದು ಮುಖದ ಮೇಲೂ ಒಂದೊಂದು ಚೂಪು ಗೋಪುರ ಅಂಟಿಸಿದರೆ ಅದು ನಕ್ಷತ್ರವಾಯಿತು. 1821ರ ಜನವರಿಯಲ್ಲಿ ಶಾಲೆಯ ಐವತ್ತನೇ ವರ್ಷದ ಹಬ್ಬಕ್ಕೆ 110 ಮೊನೆಗಳ, ಒಳಗಿನಿಂದ ಬೆಳಗುವ ನಕ್ಷತ್ರವೊಂದು ತೂಗಿದ್ದನ್ನು ಅಲ್ಲಿದ್ದ ಮ್ಯಾಡ್ಸನ್ ಎಂಬವನು ತನ್ನ ದಿನಚರಿಯಲ್ಲಿ ಬರೆದಿಟ್ಟ. ಗಣಿತದ ಅಭ್ಯಾಸ ಬೆತ್ಲೆಹೇಮಿನ ನಕ್ಷತ್ರವಾಗಿ ಮನೆಮನೆಗೆ ನಡೆದದ್ದು ಆಮೇಲೆ, ಊರಿಗೆ ಮರಳಿದ ಹುಡುಗರ ಕೈಯಿಂದ.

ಮಾರಾಟಕ್ಕಿಳಿದಾಗ ಅದು ಸತಾಯಿಸಿತು. ಅಂಟಿಸಿದ ಕಾಗದದ ಮೊನೆಗಳು ಪೆಟ್ಟಿಗೆಯೊಳಗೆ ನಜ್ಜುಗುಜ್ಜಾಗುತ್ತಿದ್ದವು. ಹರ್ನ್‌ಹುಟ್ ಎಂಬ ಊರಿನ ವ್ಯಾಪಾರಿ ವರ್ಬೇಕ್ 1897ರ ಸುಮಾರಿಗೆ ತಗಡಿನ ಒಡಲೊಂದನ್ನು ಮಾಡಿ, ಮೊನೆಗಳನ್ನು ಅದರ ಮೇಲೆ ಒಂದೊಂದಾಗಿ ಜಾರಿಸಿ ಕೂರಿಸುವ ದಾರಿ ಕಂಡುಕೊಂಡ. ಆ ತಗಡಿನ ಒಡಲೂ ಬೇಡವೆನ್ನಿಸುವವರೆಗೆ ಹಟ ಬಿಡದೆ ತಿದ್ದಿದ. ಮೊನೆಗೆ ಮೊನೆಯನ್ನೇ ಜೋಡಿಸಿ ನಿಲ್ಲಿಸುವ ನಕ್ಷತ್ರಕ್ಕೆ 1925ರಲ್ಲಿ ಹಕ್ಕುಪತ್ರ ಸಿಕ್ಕಿತು. ಬಿಡಿಬಿಡಿಯಾಗಿ ಮಡಚಿ ಅಂಚೆಯಲ್ಲಿ ಕಳಿಸಬಹುದಾದ ನಕ್ಷತ್ರ ಕಡಲು ದಾಟಿತು.

ನಕ್ಷತ್ರ ಚನ್ನಪಟ್ಟಣದ ನೆರೆಯ ಕನಕಪುರ ಸೀಮೆಯ ಬಾಗಿಲುಗಳಿಗೂ ಬಂತು. ಆ ತಾಲ್ಲೂಕಿನ ಹಾರೋಬೆಲೆ ಬಹುಪಾಲು ಕ್ರೈಸ್ತರೇ ಇದ್ದ ಊರು. ಡಿಸೆಂಬರಿನಲ್ಲಿ ಅಂಥ ಊರುಗಳ ಮನೆಮುಂದೆ ನಕ್ಷತ್ರ ಏರುತ್ತಿತ್ತು, ಒಳಗೆ ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿರೂಪವಾದ ಗೋದಲಿ ಕಟ್ಟಲಾಗುತ್ತಿತ್ತು, ಗೋದಲಿಯ ಹಸಿರಿಗೆ ರಾಗಿ ಮೊಳಕೆ ಬರಿಸಲಾಗುತ್ತಿತ್ತು. ಅದೇ ನಕ್ಷತ್ರ ಬೆಂಗಳೂರಿನ ಅಂಗಡಿ ಸಾಲಿನಲ್ಲಿ ಗೋದಲಿಯ ಗೊಡವೆ ಇಲ್ಲದೆ ಬರೀ ದೀಪಾಲಂಕಾರವಾಗಿ ತೂಗಿತು.

ಗುರುತು ಯಾವುದು, ಧರ್ಮ ಯಾವುದು ಎಂಬ ಜಗಳ ದಕ್ಷಿಣ ಭಾರತಕ್ಕೆ ನಕ್ಷತ್ರಕ್ಕಿಂತ ಮೊದಲೇ ಬಂದಿತ್ತು, ಅದೂ ತಿರುಗುಮುರುಗಾಗಿ. 1606ರಲ್ಲಿ ಮದುರೆಗೆ ಬಂದ ಇಟಲಿಯ ಜೆಸ್ವಿತ್ ಪಾದ್ರಿ ರೊಬೆರ್ಟೊ ದೆ ನೊಬಿಲಿ ಕಾವಿ ಉಟ್ಟು, ಮಾಂಸ ಬಿಟ್ಟು ಸಂನ್ಯಾಸಿಯಂತೆ ಬದುಕತೊಡಗಿದ. ಕ್ರೈಸ್ತರಾದವರು ಜನಿವಾರ, ಜುಟ್ಟು, ಗಂಧ, ಸ್ನಾನದ ಪದ್ಧತಿಗಳನ್ನು ಬಿಡಬೇಕಿಲ್ಲ ಎಂದ. ಅವು ಕುಲದ, ನಡವಳಿಕೆಯ ಗುರುತುಗಳೇ ಹೊರತು ಪೂಜೆಯವಲ್ಲ ಎಂಬುದು ಅವನ ವಾದ. ಜೊತೆಯ ಪಾದ್ರಿಗಳೇ ತಿರುಗಿಬಿದ್ದರು. ದೂರು ರೋಮ್ ಮುಟ್ಟಿತು. 1619ರಲ್ಲಿ ಗೋವೆಯಲ್ಲಿ ನಡೆದ ಸಭೆಯಲ್ಲಿ ಆರ್ಚ್‌ಬಿಷಪ್‌ರೇ ಅವನ ವಿರುದ್ಧ ನಿಂತರು. ಶಾಸ್ತ್ರಗಳನ್ನು ಓದಿ, ಸಂಸ್ಕೃತ ತಮಿಳು ಕಲಿತು, ಪುಟಗಟ್ಟಲೆ ಸಮರ್ಥನೆ ಬರೆದು ಅವನು ಕಾದ. 1623ರ ಜನವರಿ 31ರಂದು ಪೋಪ್ ಹದಿನೈದನೇ ಗ್ರೆಗರಿ ಅವನ ಪರ ತೀರ್ಪು ಕೊಟ್ಟರು: ಮೂಢನಂಬಿಕೆಯ ಸೋಂಕಿಲ್ಲದಿದ್ದರೆ ಆ ಗುರುತುಗಳು ಇರಲಿ.

ಆ ಅನುಮತಿಯ ನೆರಳಿನಲ್ಲೇ 1649ರ ಹೊತ್ತಿಗೆ ಲಿಯೊನಾರ್ಡೊ ಚಿನ್ನಾಮಿ ಎಂಬ ಜೆಸ್ವಿತ್ ಶ್ರೀರಂಗಪಟ್ಟಣಕ್ಕೆ ಕಾವಿಯುಟ್ಟು ಬಂದ. ಕನ್ನಡ ಕಲಿತು ಕನ್ನಡದಲ್ಲೇ ಬರೆದ. ಮೈಸೂರು ಮಿಷನ್ ಹುಟ್ಟಿದ್ದು ಹಾಗೆ, ಕನಕಪುರ ಸೀಮೆಯ ಹಳೆಯ ಕ್ರೈಸ್ತ ಊರುಗಳು ತಮ್ಮ ಬೇರನ್ನು ಹೇಳಿಕೊಂಡದ್ದೂ ಆ ಕಾಲಕ್ಕೇ. 1744ರಲ್ಲಿ ಇನ್ನೊಬ್ಬ ಪೋಪ್, ಹದಿನಾಲ್ಕನೇ ಬೆನೆಡಿಕ್ಟ್, ಹಿಂದಿನ ಸಡಿಲಿಕೆಗಳಿಗೆ ಕಡಿವಾಣ ಹಾಕಿದರು. ಅದೇ ಪದ್ಧತಿಗಳು ಒಂದು ಶತಮಾನದಲ್ಲಿ ಸಭ್ಯ ನಡವಳಿಕೆಯಾಗಿದ್ದವು, ಮುಂದಿನದರಲ್ಲಿ ದೋಷವಾದವು. ಗುರುತಿನೊಳಗೇ ಉತ್ತರ ಅಡಗಿದ್ದರೆ ಹೀಗಾಗುವುದು ಸಾಧ್ಯವಿರಲಿಲ್ಲ.

ಇತ್ತ ಚನ್ನಪಟ್ಟಣದಲ್ಲಿ ಬೇರೆಯೇ ಹೋರಾಟ ನಡೆದಿತ್ತು. ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬ ಕತೆಯನ್ನು ಊರು ಅಭಿಮಾನದಿಂದ ಹೇಳಿಕೊಂಡು ಬಂದಿತ್ತು. ಕಸುಬಿಗೆ ಹೊಸ ಜೀವ ಕೊಟ್ಟವರು ಬಾವಾಸ್ ಮಿಯಾನ್. ಜಪಾನಿನ ಗೊಂಬೆ ತಯಾರಿಕೆಯ ತಂತ್ರಗಳನ್ನು ಅಳವಡಿಸಿ, ಊರಿನವರಿಗೆ ಕಲಿಸುತ್ತ ಬದುಕು ಸವೆಸಿದ ಅವರನ್ನು ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎಂದೇ ಜನ ಕರೆದರು. ಬಿಲ್ಲಿನ ಹಗ್ಗ ಸುತ್ತಿ ತಿರುಗಿಸುತ್ತಿದ್ದ ಕೈಲೇತ್‌ಗಳ ಜಾಗಕ್ಕೆ ಮುಂದೆ ವಿದ್ಯುತ್ ಲೇತ್‌ಗಳು ಬಂದವು.

ಸೈಫೆನ್‌ನವರಿಗೆ ಹಸಿ ಮರ ಬೇಕಿದ್ದರೆ ಚನ್ನಪಟ್ಟಣದವರಿಗೆ ಒಣ ಮರವೇ ಆಗಬೇಕಿತ್ತು. ರಾಮನಗರ, ಮಾಗಡಿ ಕಡೆಯ ಒಣ ಕುರುಚಲು ಕಾಡುಗಳಲ್ಲೂ ಬೆಳೆಯುವ ಹಾಲೆ ಮರ ದಂತದ ಹಾಗೆ ಬಿಳಿ, ನುಣುಪು. ಅದನ್ನು ತಿಂಗಳುಗಟ್ಟಲೆ ಒಣಗಲು ಬಿಡುತ್ತಿದ್ದರು. ನೀರಿನಂಶ ಉಳಿದ ಮರಕ್ಕೆ ಅರಗು ಹಚ್ಚಿದರೆ ಆಮೇಲೆ ಬಿರುಕು ಬಿಡುತ್ತಿತ್ತು, ಸಿಪ್ಪೆ ಏಳುತ್ತಿತ್ತು. ಒಣಗಿದ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹರಡಿತು. ಕುಂಚವಿಲ್ಲ, ಡಬ್ಬಿಯ ಪೇಂಟಿಲ್ಲ. ಕೊನೆಗೆ ಕೇದಗೆ ಜಾತಿಯ ಗರಿಯನ್ನು ಒತ್ತಿ ಉಜ್ಜಿದಾಗ ಹೊಳಪು ಬಂತು.

ಅಂಥ ಗೊಂಬೆಯೂ ಅಂಗಡಿಯಲ್ಲಿ ಕೂತಲ್ಲೇ ಕೂತ ಕಾಲ ಬಂತು. ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಪೇಟೆ ತುಂಬಿದವು. ಲೇತ್‌ಗಳು ನಿಂತವು. ಕಸುಬಿನ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು, ಸಿಕ್ಕ ಕೂಲಿ ಹಿಡಿದರು. ಹೊರದೇಶದ ಬಾಗಿಲು ತಟ್ಟೋಣವೆಂದರೆ ಅಲ್ಲಿ ಮಕ್ಕಳ ಆಟಿಕೆಯ ಬಣ್ಣಕ್ಕೆ ಬಿಗಿ ನಿಯಮಗಳಿದ್ದವು. ಮಗು ಬಾಯಿಗಿಟ್ಟರೂ ಕೇಡಾಗದ ಬಣ್ಣ ಬೇಕು. ಅರಗು ಹುಳುವಿನಿಂದ ಬಂದದ್ದು, ಮಾತ್ರೆ ಮಿಠಾಯಿಗಳಿಗೂ ಲೇಪಿಸುವಂಥದ್ದು, ಅದರದು ತಕರಾರಿರಲಿಲ್ಲ. ತಕರಾರು ಅದಕ್ಕೆ ಬೆರೆಸುವ ರಾಸಾಯನಿಕ ಪುಡಿಯದಾಗಿತ್ತು.

ಗಿಡಮೂಲದ ಬಣ್ಣಗಳತ್ತ ಅವರು ಹೊರಳಿದ್ದು ಆಗ. ಇದು ಒಬ್ಬರ ಹೆಸರಿಗೆ ಬರೆಯುವ ಆವಿಷ್ಕಾರವಲ್ಲ. ಕುಶಲಕರ್ಮಿಗಳು, ವಿನ್ಯಾಸಕಾರರು, ಸ್ವಯಂಸೇವಾ ಸಂಸ್ಥೆಗಳವರು ಸೇರಿ ಕೈ ಸುಟ್ಟುಕೊಂಡು ಕಲಿತದ್ದು. ಬಟ್ಟೆಗೆ ಬಣ್ಣ ಹಾಕುವವರ ಅನುಭವ ಇಲ್ಲಿ ನಡೆಯಲಿಲ್ಲ. ಅವರ ಬಣ್ಣ ನೀರಿನಲ್ಲಿ ಕರಗಿದರೆ ಸಾಕು. ಅರಗು ನೀರನ್ನು ಹತ್ತಿರ ಸೇರಿಸದು. ಬಣ್ಣವನ್ನು ನುಣ್ಣಗೆ ಅರೆದು, ಬಿಸಿ ಅರಗಿನಲ್ಲಿ ಹಾಕಿ, ಮತ್ತೆ ಮತ್ತೆ ಎಳೆದು ನಾದಬೇಕಿತ್ತು. ಬಿಸಿ ಕಡಿಮೆಯಾದರೆ ಪುಡಿ ಗಂಟುಗಂಟಾಯಿತು, ಹೆಚ್ಚಾದರೆ ಬಣ್ಣ ಕಂದಿತು. ಅರಿಶಿನದಿಂದ ಹಳದಿ ಬಂತು, ನೀಲಿಗಿಡದಿಂದ ನೀಲಿ, ಕಾಚಿನಿಂದ ಕಂದು. ಕ್ರಿಸ್‌ಮಸ್‌ಗೆ ಮುಖ್ಯವಾಗಿ ಬೇಕಾದದ್ದು ಕೆಂಪು ಮತ್ತು ಹಸಿರು. ಹಸಿರೇ ಎಲ್ಲಕ್ಕಿಂತ ತುಂಟ ಬಣ್ಣ. ಹಳದಿಗೆ ನೀಲಿ ಬೆರೆಸಿದರೆ ಹಸಿರಾಯಿತು, ಆದರೆ ಅರಿಶಿನ ಬಿಸಿಲಿಗೆ ಮಂಕಾಗುವ ಗುಣದ್ದು. ಅದು ಸೋತಷ್ಟೂ ಹಸಿರಿನೊಳಗಿನ ನೀಲಿ ಮೇಲೇಳುತ್ತದೆ. ಹದ ಕೈಗೆ ಹತ್ತಲು ಬೇಕಾದದ್ದು ಪುಸ್ತಕವಲ್ಲ, ಸಹನೆ.

ಆ ಸಹನೆಗೆ ಆಕಸ್ಮಿಕವೊಂದು ಕೈಜೋಡಿಸಿತು. 2007ರ ಆಗಸ್ಟ್‌ನಲ್ಲಿ ಮ್ಯಾಟೆಲ್ ಕಂಪನಿ ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು, ಬಣ್ಣದಲ್ಲಿ ಸೀಸ ಇದೆಯೆಂಬ ಕಾರಣಕ್ಕೆ, ಹಿಂದಕ್ಕೆ ಕರೆಸಿಕೊಂಡಿತು. ಮರುವರ್ಷ ಅಮೆರಿಕ ಕಾನೂನನ್ನೇ ಬಿಗಿ ಮಾಡಿತು. ಸೀಸವಿಲ್ಲದ ಬಣ್ಣ ಎಲ್ಲಿದೆ ಎಂದು ಜಗತ್ತು ಹುಡುಕುವಾಗ ಚನ್ನಪಟ್ಟಣದ ಬಳಿ ಅರಗೂ ಇತ್ತು, ಅರಿಶಿನವೂ ಇತ್ತು. 2005–06ರ ಸಾಲಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತ್ತು. ಗಿಲಕಿ, ಬುಗುರಿಗಳ ಜೊತೆ ಗಂಟೆ, ದೇವದೂತ, ಸಾಂಟಾಗಳೂ ಹಡಗು ಹತ್ತಿದವು.

ಅವು ಹೋಗಿ ಇಳಿದ ದೇಶಗಳಲ್ಲೊಂದಾದ ಅಮೆರಿಕದಲ್ಲಿ ಹಳೆಯ ಪ್ರಶ್ನೆ ಆಗಲೇ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದಿತ್ತು. ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ಊರಿನ ಆಡಳಿತ ವರ್ಷವರ್ಷವೂ ಸಾಂಟಾನ ಮನೆ, ಜಿಂಕೆಗಳು, ಕ್ರಿಸ್‌ಮಸ್ ಮರದ ನಡುವೆ ಗೋದಲಿಯನ್ನೂ ಇಡುತ್ತಿತ್ತು. ಸರ್ಕಾರ ಒಂದು ಧರ್ಮದ ಪರ ನಿಂತಂತಾಯಿತಲ್ಲವೇ ಎಂಬ ದಾವೆ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. 1984ರಲ್ಲಿ ಐವರು ನ್ಯಾಯಮೂರ್ತಿಗಳು ಇರಲಿ ಎಂದರು, ನಾಲ್ವರು ಬೇಡ ಎಂದರು. ಐದೇ ವರ್ಷಕ್ಕೆ ಪಿಟ್ಸ್‌ಬರ್ಗ್‌ನಿಂದ ಇನ್ನೊಂದು ದಾವೆ ಬಂತು. ಅಲ್ಲಿ ನ್ಯಾಯಾಲಯದ ಕಟ್ಟಡದ ಭವ್ಯ ಮೆಟ್ಟಿಲ ಮೇಲೆ ಗೋದಲಿ ಒಂಟಿಯಾಗಿತ್ತು, ದೇವದೂತನ ಕೈಯಲ್ಲಿ ದೇವರ ಮಹಿಮೆ ಸಾರುವ ಪಟ್ಟಿ ಇತ್ತು. 1989ರಲ್ಲಿ ಕೋರ್ಟ್ ಅದನ್ನು ಬೇಡವೆಂದಿತು. ಅದೇ ತೀರ್ಪಿನಲ್ಲಿ, ಸ್ವಲ್ಪ ದೂರದ ಇನ್ನೊಂದು ಸರ್ಕಾರಿ ಕಟ್ಟಡದ ಮುಂದೆ ದೊಡ್ಡ ಕ್ರಿಸ್‌ಮಸ್ ಮರದ ಪಕ್ಕ ನಿಂತಿದ್ದ ಯಹೂದಿಗಳ ದೀಪಸ್ತಂಭಕ್ಕೆ ಒಪ್ಪಿಗೆ ಕೊಟ್ಟಿತು. ಎರಡೂ ಊರಿನಲ್ಲಿ ಗೋದಲಿ ಅದೇ ಆಗಿತ್ತು. ಅಕ್ಕಪಕ್ಕ ಏನಿತ್ತು ಎಂಬುದು ತೀರ್ಪನ್ನು ತಿರುಗಿಸಿತ್ತು.

ಉತ್ತರ ಅತಿ ಸರಳವಾಗಿ ಬರೆಯಲ್ಪಟ್ಟದ್ದು ಧರ್ಮಗ್ರಂಥದಲ್ಲೂ ಅಲ್ಲ, ತೀರ್ಪಿನಲ್ಲೂ ಅಲ್ಲ, ಸುಂಕದ ಪಟ್ಟಿಯಲ್ಲಿ. ಕಡಲು ದಾಟುವ ಪ್ರತಿ ಸರಕಿಗೂ ಒಂದು ಸಂಖ್ಯೆ ಬೇಕು. 1988ರ ಜನವರಿ 1ರಂದು ಜಾರಿಗೆ ಬಂದ, ಹೆಚ್ಚಿನ ದೇಶಗಳು ಒಪ್ಪಿಕೊಂಡ ಪಟ್ಟಿಯಲ್ಲಿ ಕ್ರಿಸ್‌ಮಸ್ ಹಬ್ಬದ ಸಾಮಾನುಗಳಿಗೆ 9505.10 ಎಂಬ ಸಂಖ್ಯೆ ಸಿಕ್ಕಿತು. ಪಟ್ಟಿಯ ವಿವರಣೆ ಬರೆದವರು ಕೃತಕ ಕ್ರಿಸ್‌ಮಸ್ ಮರ, ಗೋದಲಿಯ ಗೊಂಬೆಗಳು, ದೇವದೂತರು, ಕ್ರಿಸ್‌ಮಸ್ ತಾತ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಬಾಲ ಯೇಸುವಿಗೂ ಸಾಂಟಾನಿಗೂ ಭೇದ ಮಾಡಲಿಲ್ಲ. ಒಂದನ್ನು ಮಾತ್ರ ಹೊರಗಿಟ್ಟರು: ಪೂಜಾಸ್ಥಳಗಳನ್ನು ಅಲಂಕರಿಸುವ ಬಗೆಯ ಪ್ರತಿಮೆಗಳು. ಅವು ಮಾಡಿದ ವಸ್ತುವಿನ ಲೆಕ್ಕಕ್ಕೆ ಹೋಗಬೇಕು, ಮರದ್ದಾದರೆ 4420. ಹಾಗಾಗಿ ಚನ್ನಪಟ್ಟಣದ ಲೇತ್‌ನಿಂದ ಇಳಿದ ಮಗುವಿನ ಗಿಲಕಿ ಆಟಿಕೆಯೆಂದು 9503ಕ್ಕೆ ಹೋಯಿತು, ಕ್ರಿಸ್‌ಮಸ್ ಮರದ ಕೊಂಬೆಗೆ ತೂಗಲೆಂದು ಕಡೆದ ದೇವದೂತ 9505ಕ್ಕೆ. ಅದೇ ಹಾಲೆ ಮರದ ದೇವದೂತನನ್ನು ಚರ್ಚಿನಲ್ಲಿ ನಿಲ್ಲಿಸುವ ಪ್ರತಿಮೆಯಾಗಿ ಕಡೆದು ಕಳಿಸಿದ್ದರೆ ಅವನ ಸಂಖ್ಯೆ ಬದಲಾಗುತ್ತಿತ್ತು.